ಬಾಣಂತಿ ಹವಾಲ್ದಾರ

ಏಡಿಯನ್ನು ಕೊಂದವಳು ಅವಳೇ ಎಂದು ಐದನೇ ಕ್ಲಾಸು ತೀರ್ಮಾನ ಮಾಡಿತು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಮೊದಲ ಬೆಲ್ ಹೊಡೆಯುವ ಮುಂಚೆಯೇ ತೀರ್ಮಾನ ಆಗಿಹೋಗಿತ್ತು. ಎರಡನೇ ಬೆಲ್ ಹೊಡೆಯುವಷ್ಟರಲ್ಲಿ ಬೋರ್ಡಿನ ಮೂಲೆಯಲ್ಲಿ, ತಡವಾಗಿ ಬಂದವರ ಹೆಸರು ಬರೆಯುವ ಜಾಗದಲ್ಲಿ, ಮಾನಿಟರ್ ದಪ್ಪ ಅಕ್ಷರದಲ್ಲಿ ಬರೆದಾಗಿತ್ತು: 'ಕೊಲೆ ಕೇಸು – ಮೀನ್‌ಬುಟ್ಟಿ.'

ಮೀನ್‌ಬುಟ್ಟಿ ಅಂದರೆ ಅವಳು. ಅವಳ ಅಮ್ಮ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ, ಅದಕ್ಕೇ ಆ ಹೆಸರು. ಮನೆಯಲ್ಲಿ ಅವಳಿಗೆ ಬೇರೆ ಹೆಸರಿತ್ತು: ಪಿಟೀಲು. ಸ್ಕೂಲಿಂದ ಬಂದು ಬ್ಯಾಗು ಎಸೆದ ಗಳಿಗೆಯಿಂದ ಮಲಗುವವರೆಗೂ ಒಂದೇ ಸಮ ಮಾತು. "ಶುರುವಾಯ್ತು ನೋಡು, ಪಿಟೀಲು ಕುಯ್ಯೋಕೆ" ಎಂದು ಅಮ್ಮ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಆದರೆ ಸ್ಕೂಲಿನ ಗೇಟು ದಾಟಿದ ಕೂಡಲೇ ಪಿಟೀಲಿನ ತಂತಿ ಕಟ್. ಹಾಜರಿ ಕೂಗಿದಾಗ "ಪ್ರೆಸೆಂಟ್ ಮಿಸ್" ಅನ್ನುವುದು ಬಿಟ್ಟರೆ ಅವಳ ಧ್ವನಿ ಹೇಗಿದೆ ಅಂತಲೇ ಕ್ಲಾಸಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಏಡಿಯ ಹೆಸರು ಹವಾಲ್ದಾರ. ಕೊನೇ ಬೆಂಚಿನ ಹಿಂದೆ, ಕಿಟಕಿಯ ಕೆಳಗೆ, ಒಂದು ಗಾಜಿನ ತೊಟ್ಟಿ. ಅದರಲ್ಲಿ ಮೊಣಕೈ ಮುಳುಗದಷ್ಟು ನೀರು, ನಾಲ್ಕು ಕಲ್ಲು, ಬೋರಲು ಹಾಕಿದ ಒಂದು ಮಡಕೆ ಚೂರು. ಸೈನ್ಸ್ ಮಿಸ್ ಕಾಲುವೆಯಿಂದ ಹಿಡಿಸಿ ತಂದ ಏಡಿ ಅದರೊಳಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅಡ್ಡಡ್ಡ ನಡೆಯುತ್ತಾ ಗಸ್ತು ಹೊಡೆಯುತ್ತಿತ್ತು. ಅದಕ್ಕೇ ಹವಾಲ್ದಾರ.

ವಾರಕ್ಕೊಬ್ಬರ ಡ್ಯೂಟಿ. ಊಟ ಹಾಕಬೇಕು, ನೀರು ಬದಲಿಸಬೇಕು, ಏನೇನು ನಡೆಯಿತು ಅಂತ ಡ್ಯೂಟಿ ಬುಕ್ಕಿನಲ್ಲಿ ಬರೆಯಬೇಕು. ಈ ವಾರ ಅವಳದು.

ಸೋಮವಾರ ತೊಟ್ಟಿಗೆ ಬಗ್ಗಿದಾಗಲೇ ಅವಳಿಗೆ ಏನೋ ಅನ್ನಿಸಿತ್ತು. ಹವಾಲ್ದಾರ ಗಸ್ತು ನಿಲ್ಲಿಸಿ ಮೂಲೆ ಹಿಡಿದು ಕೂತಿದ್ದ. ಚಿಪ್ಪಿನ ಬಣ್ಣ ಮಾಸಿತ್ತು. ಬೆನ್ನಿನ ಹಿಂಭಾಗದಲ್ಲಿ, ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿಲ್ಲದ ಹಾಗೆ, ಕೂದಲೆಳೆಯಷ್ಟು ಬಿರುಕು. ಊಟದ ಚೂರು ಹಾಕಿದರೆ ತಿರುಗಿಯೂ ನೋಡಲಿಲ್ಲ.

ಇಂಥ ಏಡಿ ಬುಟ್ಟಿಯಲ್ಲಿ ಬಂದರೆ ಅಮ್ಮ ಏನು ಹೇಳುತ್ತಾಳೆ ಅಂತ ಅವಳಿಗೆ ಬಾಯಿಪಾಠ. "ಇದು ಇನ್ನೆರಡು ದಿನಕ್ಕೆ ಬಾಣಂತಿ. ಹಾಗೇ ಬಿಡು." ಹಾಗೆಂದು ಎತ್ತಿ ಬೇರೆ ಟಬ್ಬಿಗೆ ಹಾಕಿ ಒದ್ದೆ ಗೋಣಿ ಮುಚ್ಚುತ್ತಾಳೆ. ಆ ಟಬ್ಬಿಗೆ ಮಗಳು ಕೈ ಹಾಕುವಂತಿಲ್ಲ, ಬಗ್ಗಿ ನೋಡುವಂತೆಯೂ ಇಲ್ಲ. ಸಂಜೆ ಹೊತ್ತಿಗೆ ಅಮ್ಮ ಅವನ್ನು ಕಾಲುವೆಗೆ ಬಿಟ್ಟು ಬರುತ್ತಾಳೆ.

ಅವಳು ಹಾಕಿದ್ದ ಊಟ ವಾಪಸ್ ತೆಗೆದಳು. ಡ್ಯೂಟಿ ಬುಕ್ಕಿನಲ್ಲಿ ಬರೆದಳು: 'ಊಟ ಹಾಕಿಲ್ಲ. ಹವಾಲ್ದಾರ ಬಾಣಂತಿ ಆಗೋ ಹಾಗಿದೆ. ಮುಟ್ಟಬೇಡಿ.'

ಮಾನಿಟರ್ ಅದನ್ನು ಗಟ್ಟಿಯಾಗಿ ಓದಿದ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು.

"ಲೋ, ಹವಾಲ್ದಾರನಿಗೆ ಮಗು ಕಣ್ರೋ!"

"ಇನ್ಮೇಲೆ ತೊಟ್ಟಿ ಅನ್ಬೇಡಿ, ತೊಟ್ಟಿಲು ಅನ್ನಿ!"

"ಯಾರಾದ್ರೂ ಜೋಗುಳ ಹಾಡ್ರಪ್ಪಾ!"

ಅವಳು ಬುಕ್ಕಿನೊಳಗೆ ತಲೆ ಹುದುಗಿಸಿ ಕೂತಳು. ಮಂಗಳವಾರವೂ ಊಟ ಹಾಕಲಿಲ್ಲ.

ಬುಧವಾರ ಬೆಳಿಗ್ಗೆ ನೋಡಿದರೆ ಹವಾಲ್ದಾರ ತೊಟ್ಟಿಯ ನಟ್ಟನಡುವೆ ಬಿದ್ದಿದ್ದ. ಎಂಟು ಕಾಲೂ ಇದ್ದಲ್ಲೇ ಇದ್ದವು, ಇಕ್ಕಳದಂಥ ಎರಡು ಕೈಯೂ ಇದ್ದವು, ಕಣ್ಣೂ ಇದ್ದವು. ಆದರೆ ಗಾಜು ತಟ್ಟಿದರೆ ಅಲುಗಲಿಲ್ಲ. ಪೆನ್ಸಿಲ್ಲಿನಿಂದ ನೀರು ಕದಡಿದರೂ ಅಲುಗಲಿಲ್ಲ.

ಸೈನ್ಸ್ ಮಿಸ್ ಬಂದರು. ಸೆರಗಿನಿಂದ ಮೂಗು ಮುಚ್ಚಿಕೊಂಡು ಮಾರು ದೂರದಿಂದ ಬಗ್ಗಿ ನೋಡಿದರು. ಡ್ಯೂಟಿ ಬುಕ್ ತೆರೆದರು.

"ಸೋಮವಾರ ಊಟ ಇಲ್ಲ. ಮಂಗಳವಾರವೂ ಇಲ್ಲ. ಯಾಕಮ್ಮಾ?"

ಕೇಳಿದ್ದೇನೋ ಹೌದು. ಉತ್ತರಕ್ಕೆ ಕಾಯಲಿಲ್ಲ. ಕಾದಿದ್ದರೂ ಅಷ್ಟು ಜನರ ಮುಂದೆ ಅವಳ ಬಾಯಿಂದ ಮಾತು ಹೊರಡುತ್ತಿತ್ತೋ ಇಲ್ಲವೋ.

"ಮಿಸ್, ಅವರ ಮನೇಲಿ ದಿನಾ ಏಡಿ ಕುಯ್ತಾರೆ ಮಿಸ್," ಅಂದ ಮಾನಿಟರ್. "ಅವಳಿಗೆ ಇದೆಲ್ಲಾ ಅಭ್ಯಾಸ."

"ಸಾಕು, ಕೂತ್ಕೋ," ಅಂದರು ಮಿಸ್. ಅವನಿಗೆ ಅಷ್ಟೇ. ಅವಳ ಮುಂದೆ ಒಂದು ಬಿಳಿ ಹಾಳೆ ಬಂತು.

"ನೀನು ಮಾಡಿದ್ದು ಏನು ಅಂತ ಬರೆದು ಸೈನ್ ಮಾಡು. ಒಂದು ಜೀವದ ಜವಾಬ್ದಾರಿ ಅಂದ್ರೆ ಏನು ಅಂತ ಗೊತ್ತಾಗ್ಲಿ."

ಅವಳು ಬರೆದಳು: 'ನಾನು ಊಟ ಹಾಕದೆ ಏಡಿಯನ್ನು ಕೊಂದೆ. ತಪ್ಪಾಯಿತು.' ಹೆದರಿ ಬರೆದದ್ದಲ್ಲ. ಬರೆದದ್ದು ನಿಜ ಅಂತಲೇ ಅವಳಿಗೆ ಅನ್ನಿಸಿತ್ತು. ಮರಿ ಹಾಕಲು ಹೊರಟಿದ್ದ ಏಡಿಯನ್ನು ಉಪವಾಸ ಕೆಡವಿದವಳು ತಾನೇ ಅಲ್ಲವೇ?

ಮಿಸ್ ಹಾಳೆಯನ್ನು ಮಡಿಸಿ ಪರ್ಸಿಗೆ ಹಾಕಿಕೊಂಡರು. ಬಾಗಿಲಲ್ಲಿ ಕಸ ಗುಡಿಸುತ್ತಿದ್ದ ಆಯಮ್ಮನನ್ನು ಕರೆದರು.

"ಸ್ಕೂಲು ಬಿಟ್ಟ ಮೇಲೆ ಆ ತೊಟ್ಟಿ ಖಾಲಿ ಮಾಡಿಬಿಡಿ ಆಯಮ್ಮ. ಬ್ಲೀಚಿಂಗ್ ಪೌಡರ್ ಹಾಕಿ ಚೆನ್ನಾಗಿ ಉಜ್ಜಿ. ವಾಸನೆ ಬರಬಾರದು."

*

ಮೂರೂವರೆಗೆ ಸ್ಕೂಲು ಬಿಟ್ಟಿತು. ಮಾರ್ಕೆಟ್ಟಿಗೆ ಎರಡೇ ಬೀದಿ. ಅಮ್ಮ ತನ್ನ ಕಟ್ಟೆಯ ಮೇಲೆ ಕೂತು ಏಡಿಗಳ ಕೈ ಕಟ್ಟುತ್ತಿದ್ದಳು. ಎಡಗೈಲಿ ಏಡಿ, ಬಲಗೈಲಿ ಸೆಣಬಿನ ದಾರ, ದಾರದ ಇನ್ನೊಂದು ತುದಿ ಹಲ್ಲಲ್ಲಿ. ಕಟ್ಟುವ ಮೊದಲು ಪ್ರತಿ ಏಡಿಯ ಹೊಟ್ಟೆಯನ್ನೂ ಹೆಬ್ಬೆರಳಿನಿಂದ ಅದುಮಿ ನೋಡುವುದು ಅವಳ ರೂಢಿ.

"ಏನೇ, ಪಿಟೀಲು ಇವತ್ತು ರಿಪೇರಿಗೆ ಹೋಗಿದ್ಯಾ?"

ಮಗಳು ಬ್ಯಾಗನ್ನು ಐಸ್ ಪೆಟ್ಟಿಗೆಯ ಮೇಲಿಟ್ಟು, ಗೋಣಿ ಮುಚ್ಚಿದ ಟಬ್ಬನ್ನೇ ನೋಡುತ್ತಾ ನಿಂತಳು. ಆಮೇಲೆ ಕೇಳಿದಳು:

"ಅಮ್ಮಾ, ಬಾಣಂತಿ ಏಡಿ ತನ್ನ ಮರೀನ ಎಲ್ಲಿ ಇಟ್ಕೊಂಡಿರುತ್ತೆ?"

"ಯಾವ ಮರಿ?"

"ಅದೇ, ಹೆತ್ತಿರುತ್ತಲ್ಲ."

ಅಮ್ಮನ ಹಲ್ಲಿಂದ ದಾರ ಜಾರಿ ಬಿತ್ತು. ಪಕ್ಕದ ಕಟ್ಟೆಯ ಒಣಮೀನಿನ ಅಜ್ಜಿಯ ಕಡೆ ತಿರುಗಿ, "ಕೇಳಿದ್ಯಾ ಅಜ್ಜೀ, ನನ್ನ ಮಗಳು ಐದನೇ ಕ್ಲಾಸು!" ಎಂದು ನಗತೊಡಗಿದಳು. ಮಗಳ ಕಣ್ಣಲ್ಲಿ ನೀರು ತುಂಬಿದ್ದು ಕಂಡು ನಗು ನಿಂತಿತು.

"ಏನಾಯ್ತೇ? ಹೇಳು."

ಆಗ ತಂತಿ ಬಿಗಿಯಾಯಿತು. ಸೋಮವಾರ, ಮಂಗಳವಾರ, ತೊಟ್ಟಿಲು, ಕೊಲೆ ಕೇಸು, ಬಿಳಿ ಹಾಳೆ, ಎಲ್ಲವನ್ನೂ ಅವಳು ಒಂದೇ ಉಸಿರಿಗೆ ಹೇಳಿಬಿಟ್ಟಳು.

ಅಮ್ಮ ಕೇಳಿಸಿಕೊಂಡಳು. ಕೈ ಒರೆಸಿಕೊಂಡಳು. ಟಬ್ಬಿನ ಮೇಲಿನ ಗೋಣಿಯ ಒಂದು ತುದಿ ಎತ್ತಿದಳು.

"ಬಾ ಇಲ್ಲಿ. ನೋಡು."

ಟಬ್ಬಿನೊಳಗೆ ಒಂದು ಏಡಿ. ಒದ್ದೆ ಕಾಗದದಿಂದ ಮಾಡಿದಂತೆ ಮೆತ್ತಗೆ, ಸುಕ್ಕುಸುಕ್ಕಾಗಿ ಕೂತಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಏಡಿ, ಸ್ವಲ್ಪ ಚಿಕ್ಕದು, ಅಲುಗದೆ ಬಿದ್ದಿತ್ತು. ಅಮ್ಮ ಆ ಚಿಕ್ಕದನ್ನು ಎರಡು ಬೆರಳಲ್ಲಿ ಎತ್ತಿ ಮಗಳ ಅಂಗೈ ಮೇಲಿಟ್ಟಳು. ಅದಕ್ಕೆ ಭಾರವೇ ಇರಲಿಲ್ಲ. ಬೆನ್ನಿನ ಚಿಪ್ಪು ಹಿಂದುಗಡೆ ಬಾಯಿ ತೆರೆದಿತ್ತು. ಒಳಗೆ ಖಾಲಿ.

"ಇವು ಎರಡು ಏಡಿ ಅಲ್ಲ ಕಣೇ. ಒಂದೇ. ಇದು ಅದರ ಹಳೇ ಚಿಪ್ಪು."

"ಕಾಲೂ ಇದೆಯಲ್ಲಮ್ಮಾ! ಕಣ್ಣೂ ಇದೆ!"

"ಕಾಲಿನ ಚಿಪ್ಪು, ಕಣ್ಣಿನ ಚಿಪ್ಪು, ಮೀಸೆಯ ಚಿಪ್ಪು. ಒಂದು ಚೂರೂ ಬಿಡದೆ ಕಳಚಿ ಹಿಂದುಗಡೆಯಿಂದ ನುಸುಳಿ ಆಚೆ ಬರುತ್ತೆ. ನಿನ್ನ ಚಪ್ಪಲಿ ಬೆಳೀತಾ? ಇಲ್ಲ, ನಿನ್ನ ಕಾಲು ಬೆಳೀತು. ಇದರ ಚಿಪ್ಪೂ ಹಂಗೇ. ಒಳಗಿರೋ ಏಡಿ ಬೆಳೆಯುತ್ತೆ, ಚಿಪ್ಪು ಬೆಳೆಯಲ್ಲ. ಬಿಗಿಯಾಯ್ತು ಅಂದ್ರೆ ಊಟ ಬಿಡುತ್ತೆ, ಮೂಲೆ ಹಿಡಿಯುತ್ತೆ, ಒಂದಿನ ಕಳಚಿ ಎಸೆಯುತ್ತೆ. ಆಮೇಲೆ ನೀರು ಕುಡಿದು ಊದಿಕೊಳ್ಳುತ್ತೆ, ಹಳೇ ಚಿಪ್ಪನ್ನೇ ಮೆಲ್ಲಗೆ ತಿಂದು ಗಟ್ಟಿಯಾಗುತ್ತೆ. ಹೊಸ ಚಿಪ್ಪು ಗಟ್ಟಿಯಾಗೋವರೆಗೂ ಬೆಣ್ಣೆ ಇದ್ದ ಹಾಗೆ. ಕಚ್ಚೋಕಾಗಲ್ಲ, ನೆಟ್ಟಗೆ ನಿಲ್ಲೋಕೂ ಆಗಲ್ಲ. ಯಾರಾದ್ರೂ ಎತ್ತಿದ್ರೆ ಮುಗೀತು."

"ಮತ್ತೆ ಬಾಣಂತಿ ಅಂತೀಯ!"

"ನಾನೆಲ್ಲಿ ಸ್ಕೂಲಿಗೆ ಹೋದೋಳು? ಮೆತ್ತಗಿದೆ, ಸುಸ್ತಾಗಿದೆ, ಬೆಚ್ಚಗೆ ಮಲಗಬೇಕು, ಯಾರೂ ಮುಟ್ಟಬಾರದು. ಬಾಣಂತಿ ಅನ್ನದೆ ಇನ್ನೇನನ್ಲಿ? ಮರಿ ಹೆತ್ತಿಲ್ಲ ಅನ್ನೋದು ನಿಜ." ಅಮ್ಮ ಖಾಲಿ ಚಿಪ್ಪನ್ನು ವಾಪಸ್ ಟಬ್ಬಿಗೆ ಇಟ್ಟಳು. "ತನ್ನನ್ನೇ ತಾನು ಹೆತ್ತುಕೊಂಡಿರುತ್ತೆ."

ಅವಳು ಟಬ್ಬಿನಿಂದ ತಲೆ ಎತ್ತಿದಳು.

"ಅಂದ್ರೆ ಹವಾಲ್ದಾರ..."

"ಆ ಸತ್ತ ಏಡೀನ ಯಾರಾದ್ರೂ ಕೈಲಿ ಎತ್ತಿ ನೋಡಿದ್ರಾ?"

"ಇಲ್ಲ."

"ನಿಮ್ಮ ಮಿಸ್ಸು?"

"ದೂರದಿಂದ ನೋಡಿದ್ರು."

"ನೋಡದೇನೇ ಕೊಲೆ ಅಂದ್ರಾ!" ಅಮ್ಮನ ಧ್ವನಿ ನಾಲ್ಕು ಕಟ್ಟೆ ದಾಟಿ ಹೋಯಿತು. "ಮೀನು ಕುಯ್ಯೋರ ಮಗಳು ಅಂದ ತಕ್ಷಣ ಕೇಸು ಮುಗಿದುಹೋಯ್ತಾ? ನೀನೂ ಬರೆದು ಕೊಟ್ಟು ಬಂದ್ಯಾ? ಯಾರನ್ನ ಕೇಳಿ ಬರೆದೆ?"

ಅವಳಿಗೆ ಅಮ್ಮನ ಸಿಟ್ಟು ಕೇಳಿಸುತ್ತಿರಲಿಲ್ಲ. ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಬ್ಲೀಚಿಂಗ್ ಪೌಡರ್.

"ಅಮ್ಮಾ, ಆಯಮ್ಮ ಈಗ ತೊಟ್ಟಿ ತೊಳೀತಾರೆ!"

ಅಮ್ಮ ಸುತ್ತ ನೋಡಿದಳು. ಕಟ್ಟೆಯ ಮುಂದೆ ಆಗಲೇ ಮೂರು ಜನ ಚೀಲ ಹಿಡಿದು ನಿಂತಿದ್ದರು.

"ನಾನು ಬರೋಕಾಗಲ್ಲ. ನಿಂಗೆ ಕಾಲಿದೆ, ಬಾಯಿದೆ. ಓಡು!"

*

ಬ್ಯಾಗು ಬಿಟ್ಟಳು, ಒಂದು ಚಪ್ಪಲಿಯನ್ನೂ ಬೀದಿಯಲ್ಲೇ ಬಿಟ್ಟಳು. ಗೇಟು ಅರ್ಧ ಮುಚ್ಚಿತ್ತು. ಸಂದಿಯಲ್ಲಿ ನುಗ್ಗಿ, ಕಾರಿಡಾರ್ ದಾಟಿ ಕ್ಲಾಸಿಗೆ ಬಂದರೆ ಕಿಟಕಿಯ ಕೆಳಗೆ ತೊಟ್ಟಿ ಇರಲಿಲ್ಲ.

ಹಿಂಬಾಗಿಲ ಕಡೆ ಓಡಿದಳು.

ಹಿತ್ತಿಲಲ್ಲಿ, ನಲ್ಲಿಯ ಹತ್ತಿರ, ಆಯಮ್ಮ ತೊಟ್ಟಿಯನ್ನು ವಾಲಿಸಿ ನೀರು ಚೆಲ್ಲುತ್ತಿದ್ದರು. ಕಲ್ಲುಗಳನ್ನು ಆಚೆ ಇಟ್ಟಾಗಿತ್ತು. ಪಕ್ಕದಲ್ಲಿ ಬಿಳಿ ಪುಡಿಯ ಡಬ್ಬಿ, ತೆಂಗಿನ ನಾರು. ಆಯಮ್ಮನ ಕೈ ಮಡಕೆ ಚೂರಿನ ಕಡೆ ಹೋಗುತ್ತಿತ್ತು.

"ಆಯಮ್ಮಾ! ಬೇಡಾ!"

ಆ ಕೂಗಿಗೆ ಮರದ ಮೇಲಿನ ಕಾಗೆಗಳೇ ಎದ್ದುಹೋದವು. ಆಯಮ್ಮ ಬೆಚ್ಚಿಬಿದ್ದು ಹಿಂತಿರುಗಿದರು. ಯಾರು ಕೂಗಿದ್ದು ಅಂತ ಅವಳ ಹಿಂದೆಲ್ಲಾ ಹುಡುಕಿದರು.

"ನೀನಾ ಕೂಗಿದ್ದು? ನಿನಗೆ ಮಾತು ಬರುತ್ತಾ?"

"ಮಡಕೆ ಎತ್ತಬೇಡಿ ಆಯಮ್ಮ. ಹವಾಲ್ದಾರ ಸತ್ತಿಲ್ಲ."

"ಸತ್ತಿಲ್ವಾ? ಈಗ ತಾನೇ ಕಸದ ಬುಟ್ಟಿಗೆ ಹಾಕಿದ್ನಲ್ಲೇ ಮಗಾ."

ಅವಳು ಕಸದ ಬುಟ್ಟಿಯೊಳಗೆ ಕೈ ಹಾಕಿ, ಪೆನ್ಸಿಲ್ ಸಿಪ್ಪೆಗಳ ನಡುವಿನಿಂದ 'ಹೆಣ'ವನ್ನು ಎತ್ತಿದಳು. ಭಾರವಿರಲಿಲ್ಲ. ತಿರುಗಿಸಿದಳು. ಬೆನ್ನಿನ ಹಿಂದೆ ಬಾಯಿ ತೆರೆದಿತ್ತು. ಒಳಗೆ ಆಕಾಶದ ಬೆಳಕು ಬಿದ್ದು ಚಿಪ್ಪು ಕೆಂಪಗೆ ಹೊಳೆಯಿತು.

ತೊಟ್ಟಿಯ ಮುಂದೆ ಮಣ್ಣಲ್ಲೇ ಹೊಟ್ಟೆ ಮೇಲೆ ಮಲಗಿ, ಕೆನ್ನೆಯನ್ನು ನೆಲಕ್ಕಂಟಿಸಿ ಗಾಜಿನ ಮೂಲಕ ಮಡಕೆ ಚೂರಿನ ಸಂದಿಯೊಳಗೆ ನೋಡಿದಳು. ಕತ್ತಲು. ಇನ್ನೂ ನೋಡಿದಳು. ಕತ್ತಲಿನಲ್ಲಿ ಎರಡು ಕಪ್ಪು ಸಾಸಿವೆ ಕಾಳು ಮೇಲೆದ್ದವು. ಅವೂ ಅವಳನ್ನೇ ನೋಡಿದವು.

"ಇದ್ದಾನೆ!"

ಆಯಮ್ಮ ಸೊಂಟ ಹಿಡಿದುಕೊಂಡು ಅವಳ ಪಕ್ಕದಲ್ಲೇ ಕೂತರು, ಬಗ್ಗಿದರು, ನೋಡಿದರು.

"ಅಯ್ಯೋ ನನ್ನಪ್ಪಾ! ಇನ್ನೊಂದು ಗಳಿಗೆ ಬಿಟ್ಟಿದ್ರೆ ಪುಡಿ ಸುರೀತಿದ್ನಲ್ಲೇ!"

ಇಬ್ಬರಿಗೂ ಹೋದ ಜೀವ ಬಂದಂತಾಯಿತು. ಅವಳಿಗೆ ಮೊದಲು ಅಳು ಬಂತು, ಅದರ ಹಿಂದೆಯೇ ನಗು ಬಂತು, ಎರಡೂ ಸೇರಿ ಬಿಕ್ಕಳಿಕೆಯಾಯಿತು. ಆಯಮ್ಮ ಸೆರಗಿನಿಂದ ಅವಳ ಮೂಗು ಒರೆಸಿ, ಅದೇ ಸೆರಗಿನಿಂದ ತಮ್ಮ ಕಣ್ಣು ಒರೆಸಿಕೊಂಡರು. ಆಮೇಲೆ ಇಬ್ಬರೂ ಬಕೆಟ್ಟಿನಿಂದ ಲೋಟ ಲೋಟ ನೀರನ್ನು ಸದ್ದಾಗದ ಹಾಗೆ ತೊಟ್ಟಿಗೆ ಇಳಿಸಿದರು.

ಸೈನ್ಸ್ ಮಿಸ್ ಸ್ಕೂಟರಿನ ಕೀ ತಿರುಗಿಸುತ್ತಾ ಆ ಕಡೆ ಬಂದದ್ದು ಅಷ್ಟು ಹೊತ್ತಿಗೆ. "ಏನದು ಗಲಾಟೆ?"

ಅವಳು ಖಾಲಿ ಚಿಪ್ಪನ್ನು ಮುಂದೆ ಹಿಡಿದಳು. ಮಿಸ್ ಹಿಂದೆ ಸರಿದರು. ಹುಡುಗಿ ಕೈ ಇಳಿಸಲಿಲ್ಲ. ಕಡೆಗೆ ಮಿಸ್ ಎರಡು ಬೆರಳಲ್ಲಿ ತೆಗೆದುಕೊಂಡರು. ಹಗುರವಾಗಿತ್ತು. ಅದನ್ನು ತಿರುಗಿಸಿ, ಒಳಗೆ ನೋಡಿ, ತೊಟ್ಟಿಗೆ ಬಗ್ಗಿ ಮಡಕೆಯ ಸಂದಿಯಲ್ಲಿ ಇಣುಕಿದರು.

"ಈ ಪಾಠ ಪ್ರತಿ ವರ್ಷ ಮಾಡ್ತೀನಿ," ಅಂದರು. "ಪರೀಕ್ಷೆಗೆ ಪ್ರಶ್ನೆನೂ ಕೊಡ್ತೀನಿ. ಕಣ್ಣೆದುರಿಗೆ ಬಂದಾಗ ಮಾತ್ರ ನೋಡಲಿಲ್ಲ."

ಪರ್ಸಿನಿಂದ ಮಡಿಸಿದ ಹಾಳೆ ತೆಗೆದು ಎರಡು ಹೋಳು ಮಾಡಿದರು, ನಾಲ್ಕು ಹೋಳು ಮಾಡಿದರು.

"ತಪ್ಪು ನಂದು. ನಾಳೆ ಎಲ್ಲರ ಮುಂದೆ ಹೇಳ್ತೀನಿ. ಈಗ ಹೇಳು, ಇದನ್ನ ಏನು ಮಾಡ್ಬೇಕು?"

ಮಿಸ್ ಒಬ್ಬರು ತನ್ನನ್ನು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದಾರೆ ಅನ್ನುವುದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಚಿಪ್ಪು ಒಳಗೇ ಇರ್ಲಿ ಮಿಸ್. ಗಟ್ಟಿಯಾಗೋಕೆ ಅದನ್ನೇ ಕಚ್ಚಿ ತಿನ್ನುತ್ತೆ. ಕಾಲುವೇಲೂ ಹಂಗೇ ಮಾಡುತ್ತಂತೆ. ಯಾರೂ ಮುಟ್ಟಬಾರದು. ಅಷ್ಟೇ."

*

ಗುರುವಾರ ಮಿಸ್ ಹೇಳಿದಂತೆಯೇ ಮಾಡಿದರು. "ನಾನು ನೋಡದೆ ಮಾತಾಡಿದೆ, ನನ್ನದು ತಪ್ಪು," ಎಂದರು. ಮಾನಿಟರ್ ಯಾರೂ ಹೇಳದೆಯೇ ಎದ್ದು ಬೋರ್ಡಿನ ಮೂಲೆ ಒರೆಸಿದ. ಒರೆಸಿ ಬರುವಾಗ ಅವಳ ಬೆಂಚಿನ ಹತ್ತಿರ ನಿಂತು, ನೆಲ ನೋಡುತ್ತಾ, "ಬಸವನ ಹುಳಾನೂ ಹಿಂಗೇ ಕಳಚುತ್ತಾ?" ಅಂತ ಕೇಳಿದ. ಅವನ ಮಟ್ಟಿಗೆ ಅದೇ ಕ್ಷಮಾಪಣೆ.

ಅವಳಿಗೆ ಗೊತ್ತಿರಲಿಲ್ಲ. ಮಿಸ್‌ಗೆ ಗೊತ್ತಿತ್ತು. ಬಸವನ ಹುಳು ಚಿಪ್ಪನ್ನು ಬಿಸಾಡುವುದಿಲ್ಲ, ಚಿಪ್ಪಿನ ಬಾಯಿಯ ಅಂಚಿಗೇ ಹೊಸದಾಗಿ ಸೇರಿಸಿ ಸೇರಿಸಿ ಮನೆ ದೊಡ್ಡದು ಮಾಡಿಕೊಳ್ಳುತ್ತೆ. ಕಪ್ಪೆಚಿಪ್ಪೂ ಹಾಗೆಯೇ, ಅದರ ಮೇಲಿನ ಗೆರೆಗಳು ಅದು ಅಂಚು ಸೇರಿಸುತ್ತಾ ಬಂದ ಗುರುತು. "ಏಡಿಗೆ ಅಂಚೇ ಇಲ್ಲ, ಮೈಯೆಲ್ಲಾ ಚಿಪ್ಪು. ಹಾಗಾಗಿ ಪೂರ್ತಿ ಬಿಚ್ಚಲೇಬೇಕು," ಎಂದರು.

ಎಲ್ಲರೂ ಸಾಲಾಗಿ ಬಂದು, ಉಸಿರು ಬಿಗಿಹಿಡಿದು, ಮಡಕೆಯ ಸಂದಿಯಲ್ಲಿ ಇಣುಕಿದರು. ಹಳೇ ಚಿಪ್ಪಿನ ಒಂದು ಕಾಲು ಆಗಲೇ ಮಾಯವಾಗಿತ್ತು.

ಆಗ ಹೆಡ್‌ಮಾಸ್ಟರ್ ಬಂದರು. ಸುದ್ದಿ ಅವರ ರೂಮಿಗೂ ಮುಟ್ಟಿತ್ತು. ಖುಷಿಯಾಗಿದ್ದರು.

"ಎಲ್ಲಿ, ಸತ್ತು ಬದುಕಿದ ನಮ್ಮ ಹವಾಲ್ದಾರರು? ಕಾಣಿಸೋದೇ ಇಲ್ವಲ್ಲ! ತೆಗೀರಿ ಆ ಮಡಕೇನ. ಎತ್ತಿ ಮೇಜಿನ ಮೇಲಿಡಿ. ಬೇರೆ ಕ್ಲಾಸಿನ ಮಕ್ಕಳೂ ಬಂದು ನೋಡ್ಲಿ."

ಮಿಸ್ ಒಂದು ಹೆಜ್ಜೆ ಮುಂದಿಟ್ಟು, ಹೆಡ್‌ಮಾಸ್ಟರರ ಮುಖ ನೋಡಿ ಅಲ್ಲೇ ನಿಂತರು.

"ಯಾರು ಎತ್ತುತ್ತೀರಿ?" ಹೆಡ್‌ಮಾಸ್ಟರ್ ಸುತ್ತ ನೋಡಿದರು. ಅವರ ಬೆರಳು ಅವಳ ಮೇಲೆ ಬಂದು ನಿಂತಿತು. "ನೀನೇ ಎತ್ತಮ್ಮ. ನಿಮಗೆಲ್ಲಾ ಏಡಿ ಹಿಡಿಯೋದು ಅಭ್ಯಾಸ ಇರುತ್ತಲ್ಲ. ಹೆದರಿಕೆ ಇರಲ್ಲ."

ಮೂವತ್ತೈದು ಜೊತೆ ಕಣ್ಣು ಅವಳ ಕಡೆ ತಿರುಗಿದವು. ಅವಳು ಎದ್ದಳು. ನಡೆದು ಬಂದು ತೊಟ್ಟಿಗೂ ಹೆಡ್‌ಮಾಸ್ಟರರಿಗೂ ನಡುವೆ ನಿಂತಳು. ಬೆನ್ನಿಗೆ ಗಾಜು ತಣ್ಣಗೆ ತಾಗಿತು.

"ಅಭ್ಯಾಸ ಇದೆ ಸರ್," ಅಂದಳು. "ಅದಕ್ಕೇ ಎತ್ತಲ್ಲ."

"ಏನು?"

"ಅದು ಇನ್ನೂ ಮೆತ್ತಗಿದೆ ಸರ್. ನಾನು ಎತ್ತಲ್ಲ. ಯಾರಿಗೂ ಎತ್ತೋಕೆ ಬಿಡಲ್ಲ."